ಬರೆದ ಸಾಲೋ, ಬರೆದವರ ಮನಸ್ಸೋ

‘ಡಿಪ್ಲೊಮಸಿ’ ಎಂಬ ಆಟದಲ್ಲಿ ದಾಳವಿಲ್ಲ, ಒಬ್ಬರಾದ ಮೇಲೊಬ್ಬರು ಆಡುವ ಸರದಿಯೂ ಇಲ್ಲ. 1901ರ ಯುರೋಪಿನ ನಕ್ಷೆಯ ಮೇಲೆ ಏಳು ರಾಷ್ಟ್ರಗಳನ್ನು ಏಳು ಜನ ನಡೆಸುತ್ತಾರೆ. ಮೊದಲು ಮಾತುಕತೆ. ಅಲ್ಲಿ ಒಪ್ಪಂದ, ಆಶ್ವಾಸನೆ, ಬೆದರಿಕೆ, ಸುಳ್ಳು ಎಲ್ಲಕ್ಕೂ ಜಾಗವಿದೆ. ಆಮೇಲೆ ಪ್ರತಿಯೊಬ್ಬರೂ ತಮ್ಮ ಪಡೆಗಳಿಗೆ ಗುಟ್ಟಾಗಿ ಆದೇಶ ಬರೆಯುತ್ತಾರೆ. ಏಳೂ ಜನರ ಆದೇಶಗಳನ್ನು ಒಟ್ಟಿಗೆ ತೆರೆದು ಫಲಿತಾಂಶ ನಿರ್ಧರಿಸಲಾಗುತ್ತದೆ. ನಕ್ಷೆಯ 75 ಪ್ರದೇಶಗಳಲ್ಲಿ 34 ಸರಬರಾಜು ಕೇಂದ್ರಗಳು. ಅವುಗಳಲ್ಲಿ 18 ಹಿಡಿದವರು ಗೆದ್ದಂತೆ. ಅಮೆರಿಕದ ಆಲನ್ ಕ್ಯಾಲಮರ್ 1954ರಲ್ಲಿ ಈ ಆಟವನ್ನು ರೂಪಿಸಿದರು. 1959ರಲ್ಲಿ ಸ್ವಂತ ಖರ್ಚಿನಲ್ಲಿ 500 ಪ್ರತಿ ಮಾಡಿಸಿ ಮಾರಿದರು. 1963ರಲ್ಲಿ ಜಾನ್ ಬೋರ್ಡ್‌ಮನ್ ‘ಗ್ರೌಸ್ಟಾರ್ಕ್’ ಎಂಬ ಕಿರುಪತ್ರಿಕೆಯ ಮೂಲಕ ಇದನ್ನು ಅಂಚೆಯಲ್ಲಿ ಆಡಿಸತೊಡಗಿದರು. 1980ರ ದಶಕದ ಕೊನೆಯ ಹೊತ್ತಿಗೆ ಕೆನ್ ಲೋ ಬರೆದ ‘ಜಡ್ಜ್’ ಎಂಬ ಪ್ರೋಗ್ರಾಮ್ ಇಮೇಲ್‌ನಲ್ಲಿ ಬಂದ ಆದೇಶಗಳನ್ನು ತಾನೇ ಓದಿ ತೀರ್ಪು ಕೊಡತೊಡಗಿತು.

ಅಂಚೆಯ ಕಾಲದಲ್ಲಿ ಆದೇಶ ಓದುತ್ತಿದ್ದವರು ಮನುಷ್ಯರು. ಬರವಣಿಗೆ ವಕ್ರವಾಗಿದ್ದರೂ ಭಾವ ಹಿಡಿಯಬಲ್ಲವರು. ಯಂತ್ರ ಬಂದ ಮೇಲೆ ಆದೇಶಕ್ಕೊಂದು ಖಚಿತ ವ್ಯಾಕರಣ ಬೇಕಾಯಿತು. ‘ಎ’ ಅಂದರೆ ಭೂಸೇನೆ, ‘ಎಫ್’ ಅಂದರೆ ನೌಕಾಪಡೆ, ಊರಿಗೆ ಮೂರಕ್ಷರ, ನಡೆಗೆ ಒಂದು ಅಡ್ಡಗೆರೆ, ಬೆಂಬಲಕ್ಕೆ ‘ಎಸ್’, ಸೇನೆಯನ್ನು ಕಡಲು ದಾಟಿಸುವುದಕ್ಕೆ ‘ಸಿ’. ಇಷ್ಟರಲ್ಲೇ ಇಡೀ ಯುದ್ಧ ನಡೆಯಬೇಕು. ಈ ವ್ಯಾಕರಣ ಎಷ್ಟು ಬಿಗಿಯಾಗಿರಬೇಕು? ಇಬ್ಬರ ಮಾತು ಇಲ್ಲಿದೆ. ಒಬ್ಬರು ಅಂಚೆಯಾಟದ ಸಂಪ್ರದಾಯವನ್ನು ಮೆಚ್ಚುವ ಹಿರಿಯರು. ಇನ್ನೊಬ್ಬಳು ಇಂಥ ಆಟಕ್ಕೆ ಹೊಸದಾಗಿ ತೀರ್ಪಿನ ಪ್ರೋಗ್ರಾಮ್ ಬರೆಯಲು ಹೊರಟ ಕಿರಿಯಳು.

ಹಿರಿಯರು: ನೋಡಮ್ಮ, ಈ ವಿಷಯದಲ್ಲಿ ನಿಯಮಪುಸ್ತಕವೇ ನನ್ನ ಪಕ್ಷ. ಆದೇಶವನ್ನು ಎಷ್ಟೇ ಕೆಟ್ಟದಾಗಿ ಬರೆದಿದ್ದರೂ ಅದಕ್ಕೆ ಒಂದೇ ಅರ್ಥ ಸಾಧ್ಯವಿದ್ದರೆ ಅದನ್ನು ಪಾಲಿಸಲೇಬೇಕು ಎಂಬ ಸೂತ್ರ ಆ ಪುಸ್ತಕದ್ದೇ. ಮಾಸ್ಕೋದಲ್ಲಿರುವ ಭೂಸೇನೆಗೆ ಆಟಗಾರನೊಬ್ಬ ‘ಲಿವ್’ಗೆ ಹೋಗು ಅಂತ ಬರೆದ ಅಂದುಕೋ. ನಕ್ಷೆಯಲ್ಲಿ ಲಿವರ್‌ಪೂಲ್ ಇದೆ, ಲಿವೋನಿಯಾನೂ ಇದೆ. ಆದರೆ ಮಾಸ್ಕೋದ ಪಕ್ಕದಲ್ಲಿರುವುದು ಲಿವೋನಿಯಾ ಒಂದೇ. ಮಾಸ್ಕೋದಿಂದ ಯಾರೂ ಒಂದೇ ನೆಗೆತಕ್ಕೆ ಇಂಗ್ಲೆಂಡಿಗೆ ಹೋಗಲಾರರು. ಇಷ್ಟು ಗೊತ್ತಾದ ಮೇಲೂ ಸಂಕೇತ ತಪ್ಪು ಅಂತ ಆ ಸೇನೆಯನ್ನು ಅಲ್ಲೇ ನಿಲ್ಲಿಸಿದರೆ ಅದು ನ್ಯಾಯವಲ್ಲ, ಗುಮಾಸ್ತಿಕೆ. ಈ ಆಟದ ಸತ್ವವೆಲ್ಲ ಮಾತುಕತೆಯಲ್ಲಿದೆ. ಯಾರನ್ನು ನಂಬಬೇಕು, ಯಾರಿಗೆ ಯಾವಾಗ ಕೈಕೊಡಬೇಕು ಎಂಬ ಲೆಕ್ಕಾಚಾರದಲ್ಲಿದೆ. ಮೂರಕ್ಷರದ ಸಂಕ್ಷೇಪವನ್ನು ಕಂಠಪಾಠ ಮಾಡಿದವರು ಗೆಲ್ಲಲಿ ಅಂತ ಕ್ಯಾಲಮರ್ ಇದನ್ನು ಕಟ್ಟಲಿಲ್ಲ.

ಕಿರಿಯಳು: ಲಿವೋನಿಯಾದ ವಿಷಯದಲ್ಲಿ ನಿಮ್ಮ ಜತೆ ನನಗೆ ಜಗಳವೇ ಇಲ್ಲ, ಸರ್. ಅಕ್ಕಪಕ್ಕದ ಪ್ರದೇಶಗಳ ಪಟ್ಟಿ ನೋಡಿ ಯಂತ್ರವೂ ಅದನ್ನು ತೀರ್ಮಾನಿಸಬಹುದು. ಆದರೆ ‘ಒಂದೇ ಅರ್ಥ’ ಅಂತ ಯಾರು ಹೇಳಬೇಕು ಅನ್ನುವಲ್ಲಿ ನನ್ನ ತಕರಾರು. ಎಡಿನ್‌ಬರೋದ ನೌಕಾಪಡೆಯನ್ನೇ ತಗೊಳ್ಳಿ. ಇಂಗ್ಲೆಂಡ್ ಆಡುವವರು ಅದಕ್ಕೆ ‘ನಾರ್’ಗೆ ಹೋಗು ಅಂತ ಬರೆದಿದ್ದಾರೆ. ಅದು ನಾರ್ತ್ ಸೀಯೋ, ನಾರ್ವೇಜಿಯನ್ ಸಮುದ್ರವೋ? ಎರಡೂ ಪಕ್ಕದಲ್ಲೇ ಇವೆ, ಎರಡೂ ಮೊದಲ ನಡೆಗೆ ರೂಢಿಯಲ್ಲಿರುವ ದಾರಿಗಳು. ನಾರ್ತ್ ಸೀಗೆ ಎನ್‌ಟಿಎಚ್, ನಾರ್ವೇಜಿಯನ್ ಸಮುದ್ರಕ್ಕೆ ಎನ್‌ಡಬ್ಲ್ಯುಜಿ, ನಾರ್ವೆಗೆ ಎನ್‌ಡಬ್ಲ್ಯುವೈ ಎಂದು ಉಚ್ಚರಿಸಲೂ ಬಾರದ ಗುರುತುಗಳನ್ನು ಜಡ್ಜ್ ಇಟ್ಟುಕೊಂಡದ್ದು ಯಾರನ್ನೂ ಹೊರಗಿಡಲು ಅಲ್ಲ. ಆ ಮೂರು ಹೆಸರುಗಳು ಒಂದನ್ನೊಂದು ತುಳಿಯದಿರಲಿ ಅಂತ.

ಹಿರಿಯರು: ಅದಕ್ಕೂ ದಾರಿ ಇದೆಯಲ್ಲ. ಅದೇ ಆಟಗಾರ ಲಂಡನ್ನಿನ ನೌಕಾಪಡೆಯನ್ನು ನಾರ್ತ್ ಸೀಗೆ ಕಳಿಸಿದ್ದರೆ ಎಡಿನ್‌ಬರೋದ ಹಡಗು ಹೊರಟಿರುವುದು ನಾರ್ವೇಜಿಯನ್ ಸಮುದ್ರಕ್ಕೇ. ಎರಡು ಪಡೆ ಒಂದೇ ಕಡೆ ನುಗ್ಗಿದರೆ ಎರಡೂ ವಾಪಸ್ ಬರುತ್ತವೆ ಅಂತ ಆಟ ಕಲಿತ ಮೊದಲ ದಿನವೇ ಎಲ್ಲರಿಗೂ ತಿಳಿದಿರುತ್ತದೆ. ಒಂದು ಸಾಲನ್ನು ಒಂಟಿಯಾಗಿ ಓದಬಾರದು, ಆಟಗಾರ ಆ ಋತುವಿನಲ್ಲಿ, ಅಂದರೆ ಆಟದ ಆ ಸುತ್ತಿನಲ್ಲಿ, ಬರೆದ ಎಲ್ಲ ಸಾಲುಗಳನ್ನು ಕೂಡಿಸಿ ಓದಬೇಕು. ಅಂಚೆಯಾಟ ನಡೆಸುತ್ತಿದ್ದವರು ಹಾಗೇ ಓದುತ್ತಿದ್ದರು. ಸೇನೆ ನೆಲದ ಮೇಲೆ ಹೊರಟಿತೋ ಹಡಗು ಹತ್ತಿತೋ ಎಂಬ ಗೊಂದಲ ಬಂದಾಗ ನಿಯಮಪುಸ್ತಕದ ಒಂದು ಆವೃತ್ತಿಯೂ ಇದನ್ನೇ ಹೇಳಿತ್ತು: ಆ ಆಟಗಾರನ ಒಟ್ಟು ಆದೇಶಗಳಿಂದ ಉದ್ದೇಶ ತಿಳಿದುಕೊಳ್ಳಿ ಅಂತ.

ಕಿರಿಯಳು: ಕೂಡಿಸಿ ಓದಿದಾಗಲೇ ಅಪಾಯ ಹೆಚ್ಚು, ಸರ್. ತನ್ನದೇ ಎರಡು ಪಡೆಗಳನ್ನು ಒಂದೇ ಜಾಗಕ್ಕೆ ಕಳಿಸಿ ಎರಡನ್ನೂ ವಾಪಸ್ ಬರಿಸುವುದು ಈ ಆಟದಲ್ಲಿ ಒಪ್ಪಿತವಾದ ತಂತ್ರ. ಜಾಗ ಖಾಲಿ ಉಳಿಯುತ್ತದೆ, ಒಂದೇ ಪಡೆಯಿಂದ ನುಗ್ಗಿದ ಶತ್ರುವೂ ಒಳಗೆ ಬರಲಾರ, ತನ್ನ ಪಡೆಗಳು ಮನೆಯಲ್ಲೇ ಇರುತ್ತವೆ. ಮೊದಲ ನಡೆಯಲ್ಲಿ ನಾರ್ತ್ ಸೀಯಲ್ಲಿ ಹಾಗೆ ಮಾಡುವವರು ಕಡಿಮೆ, ಒಪ್ಪುತ್ತೇನೆ. ಆದರೆ ‘ಕಡಿಮೆ’ ಬೇರೆ, ‘ಅಸಾಧ್ಯ’ ಬೇರೆ. ಯಾವ ನಡೆ ಬುದ್ಧಿವಂತರದು, ಯಾವುದು ದಡ್ಡರದು ಅಂತ ತೂಗಿ ಉದ್ದೇಶ ಊಹಿಸಿದ ಕ್ಷಣಕ್ಕೆ ತೀರ್ಪುಗಾರರು ಎಂಟನೆಯ ಆಟಗಾರರಾದರು. ಇನ್ನೊಂದು ಮಾತು. ಅಂಚೆಯಾಟದ ನಿರ್ವಾಹಕರಿಗೆ ಆಟಗಾರರ ಪರಿಚಯವಿರುತ್ತಿತ್ತು. ಈತ ಎಚ್ಚರದವನು, ಆಕೆ ಮುನ್ನುಗ್ಗುವವಳು ಅಂತ ಗೊತ್ತಿರುತ್ತಿತ್ತು. ಪರಿಚಯವಿದ್ದವರ ವಕ್ರ ಸಾಲು ನೇರವಾಗಿ ಕಾಣುತ್ತದೆ. ದೂರದೂರಿನಿಂದ ಹೊಸದಾಗಿ ಬಂದವರ ಅದೇ ಸಾಲು ಬರೀ ತಪ್ಪಾಗಿ ಕಾಣುತ್ತದೆ. ನಿರ್ವಾಹಕರು ಎಷ್ಟೇ ಪ್ರಾಮಾಣಿಕರಾಗಿದ್ದರೂ ಇದು ತಪ್ಪದು.

ಈ ಹಂತದಲ್ಲಿ ಕಿರಿಯಳ ಮಾತೇ ತೂಕದ್ದು ಎಂದು ನನಗನ್ನಿಸುತ್ತದೆ. ಒಬ್ಬರೇ ಆಡುವ ಪಠ್ಯದಾಟದಲ್ಲಿ ಯಂತ್ರ ಊಹಿಸಿ ತಪ್ಪಿದರೆ ಯಾರಿಗೂ ನಷ್ಟವಿಲ್ಲ, ಇನ್ನೊಮ್ಮೆ ಬರೆದರಾಯಿತು. ಏಳು ಜನ ಏಕಕಾಲಕ್ಕೆ ಬರೆಯುವಲ್ಲಿ ಇನ್ನೊಮ್ಮೆ ಎಂಬುದಿಲ್ಲ. ಒಬ್ಬರ ಮೇಲಿನ ಕರುಣೆಗೆ ಇನ್ನೊಬ್ಬರ ಪ್ರದೇಶ ಬೆಲೆ ತೆರುತ್ತದೆ. ಆದರೆ ಹಿರಿಯರ ವಾದವನ್ನು ಬರೀ ಕರುಣೆ ಎಂದು ಕರೆದು ಬದಿಗೆ ಸರಿಸುವಂತಿಲ್ಲ.

ಹಿರಿಯರು: ಸರಿ, ಊಹೆ ಬೇಡ ಅನ್ನು. ನಿನ್ನ ಬಿಗಿ ವ್ಯಾಕರಣ ಯಾರಿಗೆ ಅನುಕೂಲ ಮಾಡುತ್ತದೆ ಅಂತ ಯೋಚಿಸಿದ್ದೀಯಾ? ಜರ್ಮನಿಯ ಸೇನೆ ರೂರ್‌ನಿಂದ ಬೆಲ್ಜಿಯಂಗೆ ಹೋಗುವುದಿದೆ. ಬರ್ಗಂಡಿಯಲ್ಲಿರುವ ನನ್ನ ಸೇನೆಯ ಬೆಂಬಲ ನಿನಗೇ ಅಂತ ಫ್ರಾನ್ಸ್ ಮಾತು ಕೊಟ್ಟಿದೆ. ಬರೆಯಬೇಕಾದ ಸಾಲು ‘ಎ ಬರ್ ಎಸ್ ಎ ರೂರ್–ಬೆಲ್’. ಫ್ರಾನ್ಸ್ ಬರೆದದ್ದು ಬರೀ ‘ಎ ಬರ್ ಎಸ್ ಎ ರೂರ್’. ವ್ಯಾಕರಣದಲ್ಲಿ ದೋಷವೇ ಇಲ್ಲ. ಆದರೆ ಅದರ ಅರ್ಥ, ರೂರ್‌ನ ಸೇನೆ ಇದ್ದಲ್ಲೇ ಇದ್ದರೆ ಬೆಂಬಲ ಅಂತ. ಸೇನೆ ಹೊರಟ ಕೂಡಲೇ ಬೆಂಬಲ ಮಣ್ಣುಪಾಲು. ಆಮೇಲೆ ಫ್ರಾನ್ಸ್ ಆಡುವವನು ‘ಅಯ್ಯೋ, ಸಾಲಿನ ಬಾಲ ಬಿಟ್ಟುಹೋಯ್ತು’ ಅನ್ನುತ್ತಾನೆ. ಅದು ನಿಜವೋ ದ್ರೋಹವೋ ಜರ್ಮನಿಗೆ ತಿಳಿಯುವುದಿಲ್ಲ. ಬೇಕಂತಲೇ ತಪ್ಪು ಬರೆಯುವುದು ಈ ಆಟದಲ್ಲಿ ಹಳೆಯ ವಿದ್ಯೆ. ಒಂದು ಅಕ್ಷರಕ್ಕೆ ಇಷ್ಟು ಬೆಲೆ ಕಟ್ಟಿದ ನಿನ್ನ ವ್ಯಾಕರಣವೇ ಸುಳ್ಳುಗಾರನಿಗೆ ನೆಪ ಒದಗಿಸುತ್ತದೆ. ಅರ್ಥ ಹಿಡಿದು ಓದುವ ತೀರ್ಪುಗಾರನ ಮುಂದೆ ಈ ನೆಪ ನಡೆಯುವುದಿಲ್ಲ.

ಕಿರಿಯಳು: ಹಾಗಾದರೆ ತೀರ್ಪುಗಾರ ಏನು ಮಾಡಬೇಕು? ಫ್ರಾನ್ಸ್ ಬೆಲ್ಜಿಯಂಗೆ ಬೆಂಬಲ ಕೊಟ್ಟಿದೆ ಅಂತ ಓದಿಕೊಳ್ಳಬೇಕೇ? ಹಾಗೆ ಓದಲು ಮಾತುಕತೆಯ ಪತ್ರಗಳನ್ನೂ ಓದಬೇಕು, ಕೊಟ್ಟ ಮಾತನ್ನು ಆದೇಶವಾಗಿ ಬದಲಿಸಬೇಕು. ಆಗ ಆಟವೇ ಸತ್ತಿತು. ಇಲ್ಲಿ ಎರಡು ಭಾಷೆಗಳಿವೆ, ಸರ್. ಮಾತುಕತೆಯ ಭಾಷೆ ಯಾರನ್ನೂ ಕಟ್ಟಿಹಾಕುವುದಿಲ್ಲ. ಆದೇಶದ ಭಾಷೆ ಕಟ್ಟಿಹಾಕುವುದಕ್ಕೇ ಇರುವುದು. ಮೊದಲನೆಯದರಲ್ಲಿ ಆಡಿದ್ದು ಎರಡನೆಯದರಲ್ಲಿ ಬರುತ್ತದೋ ಇಲ್ಲವೋ ಎಂಬ ಆತಂಕದಿಂದಲೇ ಈ ಆಟ ಜೀವಂತವಾಗಿದೆ. ಬೆಂಬಲದ ಸಾಲನ್ನು ನೋಡಿ: ಯಾರು, ಎಲ್ಲಿಂದ, ಎಲ್ಲಿಗೆ ಅನ್ನುವುದನ್ನು ಪೂರ್ತಿ ಹೇಳಬೇಕು, ಬೆಂಬಲ ಪಡೆದ ಪಡೆ ಅಕ್ಷರಶಃ ಅದನ್ನೇ ಮಾಡಬೇಕು. ಕಡಲು ದಾಟಿಸುವಾಗಲೂ ಹಾಗೇ. ಲಂಡನ್ನಿನ ಸೇನೆ ನಾರ್ವೆಗೆ ಅಂತ ಸೇನೆಯ ಸಾಲೂ ಹೇಳಬೇಕು, ನಾರ್ತ್ ಸೀಯ ಹಡಗಿನ ಸಾಲೂ ಹೇಳಬೇಕು. ಇಬ್ಬರು ಆಟಗಾರರು ಬೇರೆಬೇರೆ ಕಡೆ ಕೂತು ಬರೆದ ಎರಡು ಸಾಲು ಕೂಡಿಬಂದರೆ ಅದು ನಂಬಿಕೆಗೆ ಸಿಕ್ಕ ಪುರಾವೆ. ಸಡಿಲವಾಗಿ ಓದಿದರೆ ಆ ಪುರಾವೆ ಮಸುಕಾಗುತ್ತದೆ. ಫ್ರಾನ್ಸ್‌ನವನ ನೆಪವನ್ನು ಜರ್ಮನಿ ಆಡುವವರು ತೂಗಲಿ. ತೂಗುವ ಕೆಲಸ ಅವರದು, ಯಂತ್ರದ್ದಲ್ಲ.

ಹಿರಿಯರು: ಎರಡು ಭಾಷೆ ಅಂದದ್ದು ಒಳ್ಳೆಯ ಮಾತು. ಆದರೆ ಈಗ ಮನುಷ್ಯರ ಭಾಷೆಯನ್ನೇ ಓದಬಲ್ಲ ಯಂತ್ರಗಳು ಬಂದಿವೆಯಲ್ಲ. 2022ರಲ್ಲಿ ಮೆಟಾ ಕಂಪನಿಯವರ ‘ಸಿಸೆರೋ’ ಎಂಬ ಯಂತ್ರ ಒಂದು ಜಾಲತಾಣದಲ್ಲಿ ಈ ಆಟವನ್ನು 40 ಸಲ ಆಡಿತು. ಎದುರಿನವರ ಜತೆ ಇಂಗ್ಲಿಷಿನಲ್ಲಿ ಮಾತಾಡಿ, ಒಪ್ಪಿಸಿ, ಒಂದಕ್ಕಿಂತ ಹೆಚ್ಚು ಆಟ ಆಡಿದವರ ಪೈಕಿ ಮೇಲಿನ ಹತ್ತನೇ ಒಂದು ಭಾಗದಲ್ಲಿ ನಿಂತಿತು. ಮಾತು ಅರ್ಥಮಾಡಿಕೊಂಡು ಒಪ್ಪಂದ ಕುದುರಿಸಬಲ್ಲ ಯಂತ್ರಕ್ಕೆ ಒಂದು ಆದೇಶ ಅರ್ಥವಾಗದೇ?

ಕಿರಿಯಳು: ಸಿಸೆರೋ ನನ್ನ ವಾದಕ್ಕೇ ಸಾಕ್ಷಿ. ಅದು ಮಾತಾಡಿದ್ದು ಇಂಗ್ಲಿಷಿನಲ್ಲಿ, ಸರಿ. ಆದರೆ ಆ ಮಾತಿನ ಹಿಂದೆ ಅದು ಇಟ್ಟುಕೊಂಡಿದ್ದ ಉದ್ದೇಶ, ಕೊನೆಗೆ ಕೊಟ್ಟ ಆದೇಶ ಎಲ್ಲವೂ ಇದೇ ಪಡೆ–ಜಾಗ–ನಡೆಯ ಸಂಕೇತದಲ್ಲಿ. ಅಷ್ಟು ಮಾತು ಬಲ್ಲ ಯಂತ್ರವೂ ಆದೇಶದ ಹೊತ್ತಿಗೆ ಬಿಗಿ ಭಾಷೆಗೆ ಬರಬೇಕಾಯಿತು. ಇದಕ್ಕಿಂತ ಮುಂಚೆ ‘ಡೈಡ್’ ಎಂಬ ಏರ್ಪಾಟಿನಲ್ಲಿ ಕೃತಕ ಆಟಗಾರರು ಮಾತುಕತೆಯನ್ನೂ ಮೂರಕ್ಷರದ ಗುರುತುಗಳಲ್ಲೇ ನಡೆಸುತ್ತಿದ್ದರು. ಪ್ರಸ್ತಾಪಕ್ಕೊಂದು, ಶಾಂತಿಗೊಂದು, ಮೈತ್ರಿಗೊಂದು ಗುರುತು, ಕಂಸದೊಳಗೆ ಕಂಸ. ಅಲ್ಲಿ ಮಾತುಕತೆಯೂ ಕಡತವಾಗಿಬಿಟ್ಟಿತ್ತು. ಅದು ಅತಿ ಅಂತ ನಾನೂ ಒಪ್ಪುತ್ತೇನೆ. ಮಾತುಕತೆ ಸಡಿಲಾಗಲಿ, ಆದೇಶ ಬಿಗಿಯಾಗಿರಲಿ. ಇನ್ನೊಂದು ಕಾರಣವೂ ಇದೆ. ಬಂದ ಆದೇಶಗಳು ಇವು, ಬಂದ ಫಲಿತಾಂಶ ಇದು ಅಂತ ಸೋತವರು ಕಾಗದ ಪೆನ್ನು ಹಿಡಿದು ತಾವೇ ತಾಳೆ ನೋಡುವಂತಿರಬೇಕು. ಅರ್ಥ ಊಹಿಸುವ ಯಂತ್ರ ಇವತ್ತು ಒಂದು ಸಾಲನ್ನು ಒಂದು ರೀತಿ ಓದಿ, ನಾಳೆ ಅದೇ ಸಾಲನ್ನು ಇನ್ನೊಂದು ರೀತಿ ಓದಿದರೆ ಯಾರ ಹತ್ತಿರ ದೂರು ಹೇಳೋಣ?

ಹಿರಿಯರು: ತಾಳೆ ನೋಡುವ ಮಾತು ಒಪ್ಪಿದೆ. ಆದರೂ ನೀನು ಒಂದು ಮರೆಯುತ್ತಿದ್ದೀ. ಈ ಸಂಕೇತಗಳೆಲ್ಲ ಇಂಗ್ಲಿಷಿನವು. ಕನ್ನಡದಲ್ಲಿ ಆಡಬೇಕೆಂದವರು ಮೊದಲು ಆ ಮೂರಕ್ಷರಗಳನ್ನು ಕಲಿಯಬೇಕು. ಕನ್ನಡದಲ್ಲಿ ಇಷ್ಟು ಕಷ್ಟವಿಲ್ಲ. ‘ಪ್ಯಾರಿಸ್ಸಿನಿಂದ ಬರ್ಗಂಡಿಗೆ ಭೂಸೇನೆ’ ಅನ್ನು, ‘ಭೂಸೇನೆ ಬರ್ಗಂಡಿಗೆ ಪ್ಯಾರಿಸ್ಸಿನಿಂದ’ ಅನ್ನು. ವಿಭಕ್ತಿ ದಿಕ್ಕು ಹೇಳುತ್ತದೆ, ಪದಗಳ ಕ್ರಮ ಹೇಗಿದ್ದರೂ ಅರ್ಥ ಕೆಡುವುದಿಲ್ಲ. ಅಡ್ಡಗೆರೆಯ ಎಡಕ್ಕೆ ಯಾವುದು, ಬಲಕ್ಕೆ ಯಾವುದು ಅಂತ ತಲೆಕೆಡಿಸಿಕೊಳ್ಳಬೇಕಾಗಿಲ್ಲ. ನಮ್ಮ ಭಾಷೆಯ ಈ ಸಡಿಲನ್ನು ಬಳಸಿಕೊಳ್ಳದೆ ಇಂಗ್ಲಿಷ್ ಚೌಕಟ್ಟನ್ನೇ ಹೊರಿಸಿದರೆ ಅದು ಭಾಷೆಗೂ ಆಟಗಾರರಿಗೂ ಅನ್ಯಾಯ.

ಕಿರಿಯಳು: ನಡೆಯ ಆದೇಶಕ್ಕೆ ನಿಮ್ಮ ಮಾತು ಪೂರ್ತಿ ಸರಿ. ಬೆಂಬಲಕ್ಕೆ ಬನ್ನಿ. ‘ಮ್ಯೂನಿಕ್ ಸೇನೆ ಬರ್ಲಿನ್‌ಗೆ ನೆರವಾಗಲಿ.’ ಚೆಂದದ ಕನ್ನಡ. ಆದರೆ ಬರ್ಲಿನ್ನಿನಲ್ಲಿರುವ ಸೇನೆ ಅಲ್ಲೇ ನಿಲ್ಲಲು ನೆರವೋ, ಅದು ಸೈಲೀಶಿಯಾಕ್ಕೆ ಹೋಗಲು ನೆರವೋ, ಇಲ್ಲಾ ಕೀಲ್‌ನಿಂದ ಇನ್ನೊಂದು ಪಡೆ ಬರ್ಲಿನ್ನಿಗೆ ಬರಲು ನೆರವೋ? ಆ ‘ಗೆ’ ಮೂರಕ್ಕೂ ಹೊಂದುತ್ತದೆ. ಇಂಥ ಮಸುಕು ಸಾಲನ್ನು ಒಪ್ಪಿದರೆ ಚಾಣಾಕ್ಷರು ಬೇಕಂತಲೇ ಹೀಗೆ ಬರೆಯುತ್ತಾರೆ, ಯಾವುದು ಫಲಿಸಿದರೂ ಅದೇ ನಮ್ಮ ಉದ್ದೇಶವಾಗಿತ್ತು ಅನ್ನುತ್ತಾರೆ. ಒಂದು ಪಡೆಗೆ ಒಂದು ಋತುವಿನಲ್ಲಿ ಒಂದೇ ಆದೇಶ ಎಂಬ ಮೂಲ ನಿಯಮವೇ ಆಗ ಮುರಿಯುತ್ತದೆ. ಭಾಷೆ ಯಾವುದಾದರೂ ಇರಲಿ, ಆದೇಶದಲ್ಲಿ ತುಂಬಲೇಬೇಕಾದ ಜಾಗಗಳಿವೆ. ಅವನ್ನು ಖಾಲಿ ಬಿಡುವಂತಿಲ್ಲ. ಇನ್ನು ಇಂಗ್ಲಿಷಿನ ಹಂಗು ಬೇಡ ಎಂದರೆ ಚದುರಂಗದವರು ದಾರಿ ತೋರಿಸಿದ್ದಾರೆ. ಅಂಚೆ ಚದುರಂಗದಲ್ಲಿ ದೇಶದೇಶದವರು ಆಡುತ್ತಾರೆ, ಕಾಯಿಗಳ ಹೆಸರು ಭಾಷೆಗೊಂದು ಥರ. ಅದಕ್ಕೆ ಅಂತರರಾಷ್ಟ್ರೀಯ ಅಂಚೆ ಚದುರಂಗ ಒಕ್ಕೂಟ ಬರೀ ಅಂಕಿಯ ಬರಹ ಇಟ್ಟುಕೊಂಡಿತು. ರಾಜನ ಮುಂದಿನ ಪದಾತಿ ಎರಡು ಮನೆ ಮುಂದೆ ಹೋದರೆ 5254. ಹೊರಟ ಮನೆ 52, ಸೇರಿದ ಮನೆ 54. ಕನ್ನಡಿಗರಿಗೂ ರಷ್ಯನ್ನರಿಗೂ ಅದು ಒಂದೇ. ಬಿಗಿ ಇದ್ದದ್ದರಿಂದಲೇ ಆ ಬರಹ ಎಲ್ಲರದೂ ಆಯಿತು.

ಹಿರಿಯರು: ಅಂಕಿಯಲ್ಲಿ ಆಡಿದರೆ ಆಟ ಎಲ್ಲರದೂ ಆದೀತು, ಯಾರ ಮನೆಯದೂ ಆಗದು. ಚದುರಂಗದ ಮಾತು ಎತ್ತಿದ್ದೀಯ, ನಾನೂ ಎತ್ತುತ್ತೇನೆ. ಆಟ ಅರ್ಧಕ್ಕೆ ನಿಲ್ಲಿಸಿದಾಗ ಮುಂದಿನ ನಡೆಯನ್ನು ಬರೆದು ಲಕೋಟೆಯಲ್ಲಿ ಮುಚ್ಚಿಡುವ ಪದ್ಧತಿ ಇತ್ತು. ಆ ಬರಹ ಅಸ್ಪಷ್ಟವಾಗಿ, ನಿಜವಾದ ಅರ್ಥ ಇದೇ ಅಂತ ಸ್ಥಾಪಿಸಲಾಗದಂತಿದ್ದರೆ ಬರೆದವರು ಸೋತಂತೆ. ನಿನ್ನ ಬಿಗಿಗಿಂತ ದೊಡ್ಡ ಬಿಗಿ! ಆದರೂ ಆ ನಿಯಮ ಅರ್ಥವನ್ನು ಹುಡುಕಲು ಹೇಳುತ್ತದೆ ನೋಡು. ಅರ್ಥ ಹುಡುಕದೆ, ನಮೂನೆಗೆ ಹೊಂದಲಿಲ್ಲ ಅಂತ ತಳ್ಳುವ ಅಧಿಕಾರವನ್ನು ಅದು ಯಾರಿಗೂ ಕೊಡಲಿಲ್ಲ. ಕನ್ನಡದಲ್ಲಿ ಈ ನಮೂನೆಯ ಹುಚ್ಚು ಎಲ್ಲಿಗೆ ಒಯ್ಯುತ್ತದೆ ಅಂತ ನಿನಗೇ ಗೊತ್ತಿರಬೇಕು. ಇಬ್ಬರು ‘ಬರ್ಲಿನ್‌ನಿಂದ’ ಅಂತ ಬರೆಯುತ್ತಾರೆ. ಒಬ್ಬರ ಕೀಲಿಮಣೆ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಹಾಕಿರುತ್ತದೆ, ಇನ್ನೊಬ್ಬರದು ಬೇರೆ ರೀತಿ ಹಾಕಿರುತ್ತದೆ. ಒಬ್ಬರು ‘ಮ್ಯೂನಿಕ್’ ಅನ್ನುತ್ತಾರೆ, ಇನ್ನೊಬ್ಬರು ‘ಮ್ಯುನಿಕ್’. ಇವನ್ನೆಲ್ಲ ತಪ್ಪು ಅಂತ ತಿರಸ್ಕರಿಸಿದರೆ ಕನ್ನಡ ಬರೆಯುವವರೇ ದಂಡ ತೆರಬೇಕು. ಇಂಗ್ಲಿಷಿನ ಮೂರಕ್ಷರ ಬರೆದವರಿಗೆ ಈ ಕಾಟವೇ ಇಲ್ಲ.

ಇಲ್ಲಿ ಹಿರಿಯರು ಮುಟ್ಟಿದ್ದು ನಿಜವಾದ ಗಾಯವನ್ನು. ಯುನಿಕೋಡ್‌ನಲ್ಲಿ ಕನ್ನಡದ ‘ೊ’ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ‘ೆ’ ಮತ್ತು ‘ೂ’ ಎಂಬ ಎರಡು ಸಂಕೇತಗಳ ಜೋಡಿಯಾಗಿಯೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ. ಈ ಎರಡನ್ನು ಸಮವೆಂದು ಗಣಿಸಲು ಯುನಿಕೋಡ್ ತಾನೇ ಒಂದು ವಿಧಾನ ಕೊಟ್ಟಿದೆ. ಆದರೆ ಒತ್ತಕ್ಷರವನ್ನು ತಡೆಯಲು ನಡುವೆ ಹಾಕುವ ಕಾಣದ ಅಕ್ಷರ ಆ ವಿಧಾನಕ್ಕೆ ಸಿಗುವುದಿಲ್ಲ, ಅದನ್ನು ಪ್ರೋಗ್ರಾಮ್ ಬರೆಯುವವರೇ ನೆನಪಿಟ್ಟು ಕಳೆಯಬೇಕು. ಕಣ್ಣಿಗೆ ಒಂದೇ ಆಗಿ ಕಾಣುವ ಎರಡು ಸಾಲುಗಳಿಗೆ ಎರಡು ತೀರ್ಪು ಬಂದರೆ ಅದನ್ನು ಯಾವ ಬಿಗಿತನವೂ ಸಮರ್ಥಿಸಲಾರದು.

ಕಿರಿಯಳು: ಇದನ್ನು ನಾನು ಒಪ್ಪಲೇಬೇಕು. ಕಾಣದ ಅಕ್ಷರ, ಖಾಲಿ ಜಾಗ, ಹ್ರಸ್ವ ದೀರ್ಘ, ಅಡ್ಡಗೆರೆಯ ಉದ್ದ ಇವೆಲ್ಲ ಆದೇಶದ ವಿಷಯವಲ್ಲ, ಬಟ್ಟೆ ಮಾತ್ರ. ಅಲ್ಲಿ ಎಷ್ಟು ಸಡಿಲ ಬೇಕೋ ಅಷ್ಟೂ ಇರಲಿ. ಒಂದು ಊರಿಗೆ ಹತ್ತು ಕಾಗುಣಿತ ಪಟ್ಟಿಗೆ ಸೇರಿಸೋಣ. ಆದರೆ ಯಾವ ಪಡೆ, ಎಲ್ಲಿಂದ, ಎಲ್ಲಿಗೆ, ಯಾರ ಪರವಾಗಿ ಎಂಬ ನಾಲ್ಕು ವಿಷಯದಲ್ಲಿ ಊಹೆ ಬೇಡ. ಮತ್ತೆ, ಕರುಣೆ ತೋರಿಸುವುದಿದ್ದರೆ ಗಡುವಿಗೆ ಮುಂಚೆ ತೋರಿಸೋಣ. ಜಡ್ಜ್ ಹೀಗೇ ಮಾಡುತ್ತಿತ್ತು. ನೀವು ಆದೇಶ ಕಳಿಸಿದರೆ, ನನಗೆ ಅರ್ಥವಾದದ್ದು ಇಷ್ಟು, ಈ ಸಾಲು ಅರ್ಥವಾಗಲಿಲ್ಲ ಅಂತ ಮರುಟಪಾಲು ಬರುತ್ತಿತ್ತು. ಗಡುವಿನವರೆಗೆ ಎಷ್ಟು ಸಲ ಬೇಕಾದರೂ ತಿದ್ದಿ ಕಳಿಸಬಹುದಿತ್ತು. ಇನ್ನೂ ಯೋಚಿಸುತ್ತಿದ್ದೇನೆ, ಎಲ್ಲರ ಆದೇಶ ಬಂದರೂ ಗಡುವಿಗೆ ಮೊದಲು ತೀರ್ಪು ಕೊಡಬೇಡ ಅಂತ ತಡೆಯಲೂ ಒಂದು ಆಜ್ಞೆ ಇತ್ತು. ಅಂಚೆಯ ಕಾಲದಲ್ಲಿ ಈ ಸೌಕರ್ಯ ಇರಲಿಲ್ಲ, ಅದಕ್ಕೇ ಆಗಿನ ನಿರ್ವಾಹಕರು ಮನಸ್ಸು ಓದಬೇಕಾಯಿತು. ಈಗ ಕೇಳುವುದಕ್ಕೆ ದಾರಿ ಇರುವಾಗ ಊಹಿಸುವುದೇಕೆ?

ಹಿರಿಯರು: ಕೇಳಿದರೆ ಉತ್ತರಿಸಲು ಆಟಗಾರರಿಗೂ ಸಮಯ ಬೇಕಲ್ಲಮ್ಮ. ಗಡುವಿಗೆ ಐದು ನಿಮಿಷ ಮುಂಚೆ ಆದೇಶ ಕಳಿಸಿದವರು ನಿನ್ನ ಮರುಟಪಾಲು ನೋಡುವ ಹೊತ್ತಿಗೆ ಋತು ಮುಗಿದಿರುತ್ತದೆ. ಕೆಲಸಕ್ಕೆ ಹೋಗುವವರು, ಬೇರೆ ಕಾಲವಲಯದಲ್ಲಿರುವವರು, ನೆಟ್‌ವರ್ಕ್ ಸಿಗದ ಊರಿನವರು ಹೆಚ್ಚಾಗಿ ಕೊನೆಗಳಿಗೆಯಲ್ಲೇ ಬರೆಯುವುದು. ನಿನ್ನ ಏರ್ಪಾಟು ಬಿಡುವಿದ್ದವರಿಗೆ ದಯಾಳು, ಬಿಡುವಿಲ್ಲದವರಿಗೆ ಕಠೋರ. ಸಮಾನವಾಗಿ ಕಂಡರೂ ಅದು ಸಮಾನವಲ್ಲ.

ಕಿರಿಯಳು: ಹಾಗಾದರೆ ಬರೆಯುವುದನ್ನೇ ಕೈಬಿಡಬಹುದು. ಈಗಿನ ಜಾಲತಾಣಗಳಲ್ಲಿ ಪಟ್ಟಿಯಿಂದ ಆರಿಸಬಹುದು, ನಕ್ಷೆಯ ಮೇಲೆ ಬಾಣ ಎಳೆಯಬಹುದು. ಅಸಾಧ್ಯವಾದ ಆದೇಶ ಪಟ್ಟಿಯಲ್ಲಿ ಕಾಣಿಸುವುದೇ ಇಲ್ಲ. ತಪ್ಪು ಬರೆಯಲು ಅವಕಾಶವೇ ಇಲ್ಲದ ಮೇಲೆ ಕ್ಷಮಿಸುವ ಪ್ರಶ್ನೆಯೂ ಇಲ್ಲ.

ಹಿರಿಯರು: ಅದರಲ್ಲಿ ಕಳೆದುಕೊಳ್ಳುವುದೂ ಇದೆ. ಆದೇಶವನ್ನು ತನ್ನ ಕೈಯಿಂದ ಬರೆದಾಗ ಆಟಗಾರ ನಕ್ಷೆಯನ್ನು ತಲೆಯಲ್ಲಿ ಹೊತ್ತಿರುತ್ತಾನೆ. ಪಟ್ಟಿಯೇ ಎಲ್ಲ ತೋರಿಸಿದರೆ ನಕ್ಷೆ ಓದುವ ಅಗತ್ಯವೇ ಬೀಳುವುದಿಲ್ಲ. ಬೇಕಂತಲೇ ಫಲಿಸದ ಆದೇಶ ಬರೆದು ಎದುರಾಳಿಗೆ ಗೊಂದಲ ಹುಟ್ಟಿಸುವ ತಂತ್ರದ ಒಂದು ಭಾಗವೂ ಹೋಗುತ್ತದೆ. ಅದೂ ಅಲ್ಲದೆ ಕಣ್ಣು ಕಾಣದವರಿಗೆ ಬಾಣ ಎಳೆಯುವ ನಕ್ಷೆಗಿಂತ ಓದಿ ಹೇಳುವ ತಂತ್ರಾಂಶಕ್ಕೆ ದಕ್ಕುವ ಪಠ್ಯವೇ ಸುಲಭ. ಬರೆಯುವ ಆಟ ಉಳಿಯಬೇಕು. ಉಳಿಯಬೇಕೆಂದರೆ ತಪ್ಪುಗಳ ಜತೆ ಬಾಳಲು ಕಲಿಯಬೇಕು.

ಕಿರಿಯಳು: ಬಾಳೋಣ. ಆದರೆ ತಪ್ಪಿಗೆ ಏನಾಗುತ್ತದೆ ಅಂತ ಮೊದಲೇ ಗೊತ್ತಿರಲಿ. ಬ್ಯಾಂಕಿನ ಚೆಕ್ಕಿನಲ್ಲಿ ಅಂಕಿಯ ಮೊತ್ತ ಒಂದು, ಅಕ್ಷರದ ಮೊತ್ತ ಇನ್ನೊಂದು ಆದರೆ ಬರೆದವರ ಮನಸ್ಸು ಏನಿತ್ತು ಅಂತ ಭಾರತದ 1881ರ ಕಾಯ್ದೆ ಹುಡುಕಲು ಹೋಗಲಿಲ್ಲ. ಅಕ್ಷರದಲ್ಲಿ ಬರೆದದ್ದೇ ಮೊತ್ತ ಅಂತ ಮುಂಚೆಯೇ ಹೇಳಿಬಿಟ್ಟಿತು. ಈ ಆಟದಲ್ಲೂ ಅಂಥ ಕೆಲಸ ನಡೆದಿದೆ. ಲ್ಯೂಕಸ್ ಎಂಬ ಪ್ರೋಗ್ರಾಮರ್ ಸಿದ್ಧಪಡಿಸಿದ ಪರೀಕ್ಷಾ ಪ್ರಕರಣಗಳ ದೊಡ್ಡ ಪಟ್ಟಿ ಇದೆ, ತೀರ್ಪಿನ ಪ್ರೋಗ್ರಾಮ್ ಬರೆಯುವವರೆಲ್ಲ ಅದನ್ನು ಮುಂದಿಟ್ಟುಕೊಳ್ಳುತ್ತಾರೆ. ಅದರಲ್ಲಿ ಸ್ಪೇನಿನ ಕರಾವಳಿಯ ಪ್ರಕರಣ ನೋಡಿ. ಸ್ಪೇನಿಗೆ ಉತ್ತರ ಕರಾವಳಿ, ದಕ್ಷಿಣ ಕರಾವಳಿ ಅಂತ ಎರಡಿವೆ, ಹಡಗು ಯಾವುದಕ್ಕೆ ಅಂತ ಹೇಳಬೇಕು. ಪೋರ್ಚುಗಲ್‌ನಿಂದ ಎರಡಕ್ಕೂ ಹೋಗಬಹುದು. ಕರಾವಳಿ ಹೇಳದಿದ್ದರೆ ನಡೆ ವಿಫಲ. ಗ್ಯಾಸ್ಕನಿಯಿಂದ ಉತ್ತರಕ್ಕೆ ಮಾತ್ರ ದಾರಿ. ಹೇಳದಿದ್ದರೂ ಉತ್ತರವೆಂದೇ ಓದಬೇಕು. ಗ್ಯಾಸ್ಕನಿಯಿಂದ ದಕ್ಷಿಣ ಕರಾವಳಿಗೆ ಅಂತ ತಪ್ಪು ಬರೆದರೆ ನಡೆ ವಿಫಲ. ಬಿಟ್ಟದ್ದನ್ನು ತುಂಬಬಹುದು, ಬರೆದದ್ದನ್ನು ತಿದ್ದಬಾರದು. ನನ್ನ ಪ್ರೋಗ್ರಾಮಿಗೂ ಇದೇ ಗೆರೆ.

ಹಿರಿಯರು: ಮೊದಲೆರಡು ಒಪ್ಪಿದೆ. ಮೂರನೆಯದು ಒಪ್ಪಲಾರೆ. ಗ್ಯಾಸ್ಕನಿಯಿಂದ ದಕ್ಷಿಣ ಕರಾವಳಿ ಮುಟ್ಟುವುದಕ್ಕೆ ದಾರಿಯೇ ಇಲ್ಲದಿದ್ದ ಮೇಲೆ ಆ ಸಾಲಿನ ಅರ್ಥ ಒಂದೇ: ಸ್ಪೇನಿಗೆ ಹೋಗು. ಒಂದೇ ಅರ್ಥವಿದ್ದರೆ ಪಾಲಿಸಬೇಕು ಅನ್ನುವುದು ನಾವು ಹೊರಟ ಜಾಗ. ಏನೂ ಬರೆ­ಯದವರಿಗೆ ಉತ್ತರ ಕರಾವಳಿ ಸಿಗುತ್ತದೆ, ಏನೋ ಬರೆಯಲು ಹೋಗಿ ಒಂದು ಪದ ತಪ್ಪಿದವರಿಗೆ ಏನೂ ಸಿಗುವುದಿಲ್ಲ. ಇದ್ಯಾವ ನ್ಯಾಯ?

ಕಿರಿಯಳು: ತಪ್ಪಿ ಬರೆದರೋ, ತಪ್ಪಲೆಂದೇ ಬರೆದರೋ? ಸ್ಪೇನಿಗೆ ಬರುತ್ತೇನೆ ಅಂತ ಯಾರಿಗೋ ಮಾತು ಕೊಟ್ಟು, ಹೋಗದೆ ಉಳಿಯಲು ಆ ಪದವನ್ನು ಬೇಕಂತಲೇ ಬರೆದಿರಬಹುದಲ್ಲ. ಹಾಗೆ ಬರೆಯುವ ಹಕ್ಕೂ ಆಟಗಾರರದು. ನೀವು ಆಗಲೇ ಹೇಳಿದ ಹಳೆಯ ವಿದ್ಯೆ ಅದೇ.

ಇಬ್ಬರೂ ಇಲ್ಲಿಂದ ಮುಂದೆ ಕದಲಲಿಲ್ಲ. ನನ್ನ ಒಲವು ಕಿರಿಯಳ ಕಡೆಗಿದೆ: ಆಟಗಾರರು ಬರೆದ ಪದವನ್ನು ಅಳಿಸಿ ಬೇರೆ ಪದ ಕೂರಿಸುವ ಅಧಿಕಾರ ತೀರ್ಪುಗಾರರಿಗೆ ಇರಕೂಡದು. ಹಾಗಿದ್ದೂ ಗಡುವಿನ ಅಂಚಿನಲ್ಲಿ ಬರೆಯುವವರ ಬಗ್ಗೆ ಹಿರಿಯರು ಎತ್ತಿದ ಪ್ರಶ್ನೆಗೆ ಅವಳ ಪ್ರೋಗ್ರಾಮ್ ಇನ್ನೂ ಉತ್ತರ ಕೊಟ್ಟಿಲ್ಲ. ಇಂಥ ಆಟವನ್ನು ಕನ್ನಡದಲ್ಲಿ ಕಟ್ಟಲು ಹೊರಟವರು ದಯವಿಟ್ಟು ಎರಡು ಕೆಲಸ ಮಾಡಿ. ಕಾಣದ ಅಕ್ಷರಗಳಿಗಾಗಿ ಯಾರ ಆದೇಶವನ್ನೂ ತಿರಸ್ಕರಿಸಬೇಡಿ. ಗ್ಯಾಸ್ಕನಿಯ ಹಡಗಿಗೆ ನಿಮ್ಮ ತೀರ್ಪು ಏನು ಎಂಬುದನ್ನು ಮೊದಲ ಆದೇಶ ಬರುವ ಮುಂಚೆಯೇ ಬರೆದು ಎಲ್ಲರಿಗೂ ಕಾಣುವಂತೆ ಇಡಿ.